ಕಡತದ ಕೋಣೆಗೆ ತಕ್ಕ ಮೈಯಳತೆ

ನಮ್ಮ ಕಚೇರಿಯಲ್ಲಿ ಕಡತದ ಕೋಣೆ ನೋಡಿಕೊಳ್ಳುವ ಹುದ್ದೆ ಖಾಲಿಯಾದಾಗ ಅಕ್ಕನ ಮುಖ ಅರಳಿತು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳು. ನಾನು ಅಲ್ಲೇ ಟೈಪಿಸ್ಟ್. ಒಂಬತ್ತು ವರ್ಷದಿಂದ ಅವಳು ಆ ಕೋಣೆಯಲ್ಲಿ ಹಂಗಾಮಿ ಸಹಾಯಕಿ. ಏಣಿ ಹತ್ತಿ ಇಳಿದು ಬಲ ಮಂಡಿ ಸವೆದುಹೋಗಿದೆ. ಆಪರೇಷನ್ ಆಗಲೇಬೇಕು, ಆಮೇಲೆ ಎರಡು ತಿಂಗಳು ಮಲಗಬೇಕು. ಹಂಗಾಮಿಯವರು ಮಲಗಿದರೆ ಕೆಲಸ ಹೋದಂತೆಯೇ. ಕಾಯಂ ಆದರೆ ಆ ರಜೆ ಸಿಗುತ್ತದೆ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆದರೆ ದೊಡ್ಡ ಸಾಹೇಬರಿಗೆ ಆಗಷ್ಟೇ ನ್ಯಾಯದ ಹುಚ್ಚು ಹಿಡಿದಿತ್ತು. ಹಿಂದಿನ ಸಲ ಡ್ರೈವರ್ ಹುದ್ದೆಗೆ ಮುದ್ದಾದ ಕೈಬರಹ ಬೇಕೆಂದು ಕೇಳಿ ಕೋರ್ಟಿನಲ್ಲಿ ಛೀಮಾರಿ ಹಾಕಿಸಿಕೊಂಡು ಬಂದಿದ್ದರು.

“ಅರ್ಹತೆ ಅನ್ನೋದು ಕೆಲಸಕ್ಕೆ ಸಂಬಂಧಪಟ್ಟಿರ್ಬೇಕು, ಎಲ್ಲರಿಗೂ ಒಂದೇ ಅಳತೆ ಇರ್ಬೇಕು. ಕಾನೂನು ಹೇಳೋದೇ ಅದು,” ಎಂದರು. “ನಾವು ಊಹೆ ಮಾಡೋದೇ ಬೇಡ. ಆ ಕೆಲಸ ಮಾಡ್ತಿದ್ದವರನ್ನೇ ಅಳೆದುಬಿಡೋಣ.”

ಆ ಹುದ್ದೆಯಿಂದ ನಿವೃತ್ತರಾಗಿದ್ದ ಹಿರಿಯರನ್ನು ಮನೆಯಿಂದ ಕರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಟೇಪು ಹಿಡಿದರು. ಹುದ್ದೆಗೆ ಬೇಕಾದ ಅರ್ಹತೆ ಎಂದು ನಾನು ಟೈಪ್ ಮಾಡಿದೆ: ಎತ್ತರ ಐದು ಅಡಿ ಹತ್ತು ಅಂಗುಲ, ಬೋಳು ನೆತ್ತಿ, ಎಡಗಿವಿ ಮಂದ, ಊಟವಾದ ಮೇಲೆ ಎರಡು ಗಂಟೆ ನಿದ್ದೆ. ಗೊರಕೆಯನ್ನು ಮಾತ್ರ ‘ಇದ್ದರೆ ಒಳ್ಳೆಯದು’ ಎಂಬ ಕಾಲಮ್ಮಿಗೆ ಹಾಕಿಸಿದರು. ಸದ್ಯ, ಅಷ್ಟಾದರೂ ವಿವೇಕ ಉಳಿದಿತ್ತು.

ಸಂದರ್ಶನದ ದಿನ ವರಾಂಡದ ತುಂಬ ಬೋಳುತಲೆಯ ಉದ್ದನೆಯ ಗಂಡಸರು. ಒಬ್ಬ ಪುಣ್ಯಾತ್ಮ ಕುರ್ಚಿಯಲ್ಲಿ ಕೂತವನೇ ಎಷ್ಟು ಸೊಗಸಾಗಿ ನಿದ್ದೆ ಹೋದನೆಂದರೆ, ಸಾಹೇಬರು ಫ್ಯಾನಿನ ಸ್ಪೀಡು ಕೂಡ ಕಡಿಮೆ ಮಾಡಿಸಿದರು. ಕೆಲಸ ಅವನಿಗೇ ಎಂದು ನನಗೆ ಖಾತ್ರಿಯಾಗಿ ಹೊಟ್ಟೆ ಉರಿಯಿತು. ಕೊನೆಗೆ ಅಕ್ಕ ಒಳಗೆ ಬಂದಳು.

“ನೀವು ನಿದ್ದೇಲೂ ಫೇಲ್, ನೆತ್ತೀಲೂ ಫೇಲ್ ಅಮ್ಮ,” ಎಂದರು ಸಾಹೇಬರು.

ಅಕ್ಕನಿಗೆ ರೇಗಿತು. “ಅವರು ಗೊರಕೆ ಹೊಡೀತಾ ಇದ್ದಾಗ ಕಡತ ಹುಡುಕಿ ಕೊಡ್ತಿದ್ದವಳು ಯಾರು ಸಾರ್? ಒಂಬತ್ತು ವರ್ಷ ಕೆಲಸ ಮಾಡಿದ್ದು ನಾನು. ಅಳೆಯೋದಾದ್ರೆ ನನ್ನನ್ನ ಅಳೀರಿ!”

ಸಾಹೇಬರು ದಡಕ್ಕನೆ ಎದ್ದು ನಿಂತರು. “ಎಂಥಾ ಅನಾಹುತ! ನಾವು ಅಳೆದಿದ್ದು ಬೇರೆಯವರನ್ನ!”

ಮಲಗಿದ್ದವನನ್ನು ತಟ್ಟಿ ಎಬ್ಬಿಸಿ ಮನೆಗೆ ಕಳಿಸಿದರು. ಟೇಪು ಅಕ್ಕನ ಕಡೆ ತಿರುಗಿತು. ನನ್ನ ಬೆರಳುಗಳು ಕುಣಿಯುತ್ತಿದ್ದವು. ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ, ಗಂಟಲು ದೊಡ್ಡದು, ಬಲ ಮಂಡಿಯ ಸುತ್ತಳತೆ ಊತವೂ ಸೇರಿ ಹದಿನೇಳು ಅಂಗುಲ.

“ಊತ ಕಡ್ಡಾಯಾನಾ ಸಾರ್, ಇದ್ರೆ ಒಳ್ಳೇದಾ?” ಎಂದು ಕೇಳಿದೆ.

“ಕಡ್ಡಾಯ ಅಂತ ಹಾಕಮ್ಮ. ಈ ಕೆಲಸದಿಂದಾನೇ ಬಂದಿರೋದು. ಇದಕ್ಕಿಂತ ಸಂಬಂಧ ಇನ್ನೇನು ಬೇಕು?”

ಹೊಸದಾಗಿ ಜಾಹೀರಾತು ಹೊರಟಿತು. ಅಕ್ಕನಷ್ಟೇ ಕುಳ್ಳಗಿನ ಹನ್ನೊಂದು ಹೆಂಗಸರು ಬಂದರು. ಎಲ್ಲರ ಮಂಡಿಯೂ ನೆಟ್ಟಗಿತ್ತು, ಪಾಪ. ಅಕ್ಕನಿಗೆ ನೂರಕ್ಕೆ ನೂರು. ಕಾಯಂ ಆದೇಶ ಕೈಗೆ ಬಂದ ದಿನ ಇಬ್ಬರೂ ಅಡುಗೆಮನೆಯಲ್ಲಿ ತಬ್ಬಿಕೊಂಡು ಅತ್ತೆವು. ಮರುದಿನವೇ ಅವಳು ಆಪರೇಷನ್ನಿಗೆ ರಜೆ ಬರೆದು ಕೊಟ್ಟಳು.

ಮೂರು ದಿನ ಬಿಟ್ಟು ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಅವರ ಮುಖವೂ ಬಾಡಿತ್ತು. ಅವರೇನು ಕೆಟ್ಟವರಲ್ಲ, ಅದೇ ತೊಂದರೆ.

“ರಜೆ ಎಷ್ಟು ಬೇಕಾದ್ರೂ ಕೊಡ್ತೀನಮ್ಮ. ಆದ್ರೆ ಮಂಡಿ ವಾಸಿ ಮಾಡಿಸ್ಕೊಂಡು ಬಂದ್ರೆ ನಿಮ್ಮ ಅರ್ಹತೆ ಹೋಗುತ್ತೆ, ಕೆಲಸದಿಂದ ತೆಗೀಬೇಕಾಗುತ್ತೆ. ಮಂಡಿ ಚೆನ್ನಾಗಿದೆ ಅಂತ ಹನ್ನೊಂದು ಜನರನ್ನ ವಾಪಸ್ ಕಳಿಸಿದೀವಿ. ಅವರಿಗೆ ಅನ್ಯಾಯ ಆಗಲ್ವಾ?”

ಅಕ್ಕ ಅವರನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅರ್ಜಿ ವಾಪಸು ತೆಗೆದುಕೊಂಡು, ಬಾಗಿಲಾಚೆ ಬಂದು, ಗೋಡೆಗೆ ಕೈಯೂರಿ ನಿಂತಳು.

“ಊತ ಕಡ್ಡಾಯಾನಾ ಅಂತ ಕೇಳೋ ಬದ್ಲು ಅದೊಂದನ್ನ ಬಿಟ್ಬಿಡೋಕೆ ಆಗ್ಲಿಲ್ವೇನೇ ನಿಂಗೆ?” ಎಂದಳು.

“ನಿಂಗೆ ನೂರಕ್ಕೆ ನೂರು ಬರ್ಲಿ ಅಂತ ಅಕ್ಕಾ,” ಎಂದೆ.