ಇಲ್ಲದ ಮುನಿಸಿಗೊಂದು ರಾಜಿ

ಬಿಷ್ಕೆಕ್ ನಗರದ ಆ ಹೊಲಿಗೆ ಕಾರ್ಖಾನೆಯ ಕಟಿಂಗ್ ಕೋಣೆಯಲ್ಲಿ ಮೊದಲು ಕೈಕುಲುಕಾಟ, ಆಮೇಲೆ ಕತ್ತರಿ. ಒಳಗೆ ಕಾಲಿಟ್ಟ ಗಂಡಸು ಅಲ್ಲಿರುವ ಅಷ್ಟೂ ಗಂಡಸರ ಹತ್ತಿರ ಹೋಗಬೇಕು, ಒಬ್ಬೊಬ್ಬರ ಕೈಯನ್ನೂ ತನ್ನ ಎರಡು ಕೈಯಲ್ಲಿ ಹಿಡಿದು ಚೆನ್ನಾಗಿದೀಯಾ, ಮನೆ ಚೆನ್ನಾಗಿದೆಯಾ, ಅಮ್ಮ ಚೆನ್ನಾಗಿದಾರಾ ಎಂದು ಕೇಳಬೇಕು. ಒಬ್ಬನನ್ನೂ ಬಿಡುವಂತಿಲ್ಲ. ಬಿಟ್ಟರೆ ಅವನ ಮೇಲೆ ನಿನಗೇನೋ ಮುನಿಸಿದೆ ಅಂತಲೇ ಅರ್ಥ.

ಮೂವತ್ತು ದಾಟಿದ ಮೀರ್ಲಾನ್‌ಗೆ ಇಡೀ ದಿನದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಇಸ್ತ್ರಿ ಹೊಡೆಯುವ ಕೆನೆಶ್‌ನ ಕೈಯಂತೂ ಬಿಸಿ, ತೇವ. ಬಿಟ್ಟ ಮೇಲೂ ಅದು ಮಧ್ಯಾಹ್ನದವರೆಗೆ ಇವನ ಅಂಗೈಯಲ್ಲೇ ಕೂತಿರುತ್ತಿತ್ತು. ತಡವಾಗಿ ಬಂದರೆ ತಾನೇ ಎಲ್ಲರ ಹತ್ತಿರ ಸುತ್ತಬೇಕು. ಸರಿ, ಎಲ್ಲರಿಗಿಂತ ಮುಂಚೆ ಬಂದುಬಿಡೋಣ ಎಂದರೆ, ಆಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಇವನ ಹತ್ತಿರವೇ ಬರುತ್ತಾರೆ! ಯಾವ ಬಾಗಿಲಿಂದ ಹೊಕ್ಕರೂ ಬೋನು ಒಂದೇ.

ಸೇರಿದ ಹೊಸತರಲ್ಲಿ ಇನ್ನೊಂದು ಎಡವಟ್ಟೂ ಆಗಿತ್ತು. ಕಟಿಂಗ್ ಮಾಸ್ಟರ್ ಜೊಲ್ದೊಷ್, ಎಲ್ಲರಿಗಿಂತ ಹಿರಿಯ, ಇವನ ಕೈ ಹಿಡಿದು "ಅಮ್ಮ ಚೆನ್ನಾಗಿದಾರೇನೋ?" ಎಂದ. ಮೀರ್ಲಾನ್ ಉತ್ತರ ಕೊಟ್ಟ. ಎಡ ಮಂಡಿ ಊದಿದೆ, ಹೋದ ಸಲದ ಮುಲಾಮಿಗೆ ಮೈಯೆಲ್ಲ ಕೆರೆತ ಬಂತು, ಈಗ ಬೇರೆಯದು ಹಚ್ಚುತ್ತಿದ್ದಾರೆ, ಅದರ ವಾಸನೆಗೆ ಬೆಕ್ಕು ಮನೆ ಬಿಟ್ಟು ಹೋಗಿದೆ. ಹಿಂದೆ ಸಾಲಾಗಿ ನಿಂತವರು ಕಾಲು ಬದಲಿಸಿದರು.

"ಲೋ, ಆ ಮಂಡಿಗೂ ಇಷ್ಟು ಗೊತ್ತಿರಲ್ಲ ಕಣೋ ತನಗೇನಾಗಿದೆ ಅಂತ!" ಎಂದು ಕೆನೆಶ್ ಕೂಗಿದ. ಎಲ್ಲ ನಕ್ಕರು. ಮೀರ್ಲಾನ್‌ಗೆ ಅರ್ಥವಾಗಲಿಲ್ಲ. ಕೇಳಿದ್ದು ಅವರೇ ತಾನೆ?

ಕೈ ಕೊಳೆಯಾಗಿದ್ದರೆ ಅಂಗೈ ಕೊಡಬೇಕಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಎರಡೂ ಅಂಗೈಗೆ ಮೆತ್ತಿಕೊಂಡು ನಿಂತ. ಆದರೆ ಅಂಗೈ ಕೊಳೆಯಾಗಿದ್ದರೆ ಮಣಿಕಟ್ಟು ಚಾಚಬೇಕು, ಅದೂ ಪದ್ಧತಿಯೇ. ಎಲ್ಲರೂ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದರು. ಮಣಿಕಟ್ಟಿನ ಚರ್ಮ ಅಂಗೈಗಿಂತ ತೆಳು. ಆ ಉಪಾಯವನ್ನು ಅವತ್ತೇ ಕೈಬಿಟ್ಟ.

ಇಷ್ಟು ಕಷ್ಟವಾದರೆ ಬಿಟ್ಟು ಹೋಗಬಹುದಲ್ಲ? ಎಲ್ಲಿಗೆ ಹೋಗುವುದು! ಬ್ಯಾಂಕಿನಲ್ಲಿ ಫೋನುಗಳು ಒಟ್ಟಿಗೆ ಬಡಿದುಕೊಂಡಾಗ ಇವನು ಮೇಜಿನಡಿ ಕೂತುಬಿಟ್ಟಿದ್ದ. ಮೊಬೈಲ್ ಅಂಗಡಿಯಲ್ಲಿ ಗಿರಾಕಿಗೆ "ಇದನ್ನ ತಗೋಬೇಡಿ, ಬೇಗ ಕೆಡುತ್ತೆ" ಎಂದಿದ್ದ, ಮಾಲೀಕ ಪಕ್ಕದಲ್ಲೇ ನಿಂತಿದ್ದಾಗ. ಇನ್ನು ಸಂದರ್ಶನಗಳು. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ" ಎಂದು ಒಬ್ಬರು ಹೇಳಿದಾಗ ಹಾಗೇ ಮಾಡಿದ. ಕಣ್ಣು ನೋಡುವುದರಲ್ಲೇ ಇದ್ದು ಅವರು ಕೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. "ನಿಮ್ಮ ದೌರ್ಬಲ್ಯ ಏನು?" ಎಂದು ಇನ್ನೊಬ್ಬರು ಕೇಳಿದಾಗ ಇದ್ದದ್ದನ್ನೆಲ್ಲ ಹೇಳಿದ. ಅವರು ನೀರು ಕುಡಿದು "ತಿಳಿಸ್ತೀವಿ" ಎಂದರು. ತಿಳಿಸಲಿಲ್ಲ.

ಕಾರ್ಖಾನೆಯ ಒಡತಿ ನಜೀರಾ ಎಜೆ ಮಾತ್ರ ಅದೇನೂ ಕೇಳಿರಲಿಲ್ಲ. ಎಜೆ ಅಂದರೆ ಅಕ್ಕ, ಅಲ್ಲಿ ಎಲ್ಲರಿಗೂ ಆಕೆ ಅಕ್ಕನೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು "ಕಂಪ್ಯೂಟರ್ ಮುಂದೆ ಕೂತ್ಕೋ, ಈ ಅಂಗೀನ ಬಟ್ಟೆ ಮೇಲೆ ಕೂರಿಸಿ ತೋರ್ಸು" ಎಂದಿದ್ದಳು ಅಷ್ಟೆ. ತೋಳು, ಕಾಲರು, ಬೆನ್ನು, ಜೇಬು, ಎಲ್ಲದರ ನಕ್ಷೆಯನ್ನೂ ಪರದೆಯ ಮೇಲೆ ಒಂದರ ಪಕ್ಕ ಒಂದು ಹೊಂದಿಸುವುದು. ಬಟ್ಟೆ ಆದಷ್ಟು ಕಡಿಮೆ ಪೋಲಾಗಬೇಕು. ಆ ಕೆಲಸದಲ್ಲಿ ಮೀರ್ಲಾನ್‌ಗೆ ಹಸಿವೂ ಮರೆಯುತ್ತಿತ್ತು. ಕಾಲರಿನ ಬಳುಕು ಹೋಗಿ ತೋಳಿನ ಕುಳಿಯಲ್ಲಿ ಸರಿಯಾಗಿ ಕೂತಾಗ ಅವನ ಎದೆಯಲ್ಲಿ ಏನೋ ನಿರಾಳ. ಕೆಲಸವಿನ್ನೂ ಖಾಯಂ ಆಗಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದಿದ್ದಳು ನಜೀರಾ. ಈ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎಂಬುದು ಮೀರ್ಲಾನ್‌ಗೂ ಗೊತ್ತಿತ್ತು, ಅವನ ತಾಯಿ ಬುರುಲ್‌ಗೂ ಗೊತ್ತಿತ್ತು.

ಅಷ್ಟರಲ್ಲಿ ಬಟ್ಟೆ ಉಗ್ರಾಣದವನು ದುಡಿಯಲು ರಷ್ಯಾಕ್ಕೆ ಹೊರಟ, ಬೀಗದ ಕೈ ಮೀರ್ಲಾನ್‌ಗೆ ಬಂತು. ಸ್ವರ್ಗ! ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಉಗ್ರಾಣ ಹೊಕ್ಕು ಬಾಗಿಲು ಹಾಕಿಕೊಳ್ಳುವುದು, ಸುತ್ತಿಟ್ಟ ಬಟ್ಟೆಯ ಥಾನುಗಳ ನಡುವೆ ಕೂರುವುದು, ಹೊರಗೆ ಕೈಕುಲುಕಾಟ ಮುಗಿದು ಯಂತ್ರ ಗುರ್ ಎಂದ ಮೇಲೆ ಒಂದು ಥಾನು ಹೊತ್ತು ಹೊರಬರುವುದು. ಕೈತುಂಬ ಥಾನು ಇದ್ದವನ ಕೈ ಯಾರು ಹಿಡಿಯುತ್ತಾರೆ?

ಕೆಟ್ಟ ಗಳಿಗೆ ಎಂದರೆ, ಬೀಗದ ಕೈ ಸಿಗುವ ಹಿಂದಿನ ಸಂಜೆಯೇ ಕೆನೆಶ್ ಎಲ್ಲರೆದುರು ಇವನನ್ನು ಅಣಕಿಸಿದ್ದ. ಕೈಕಾಲು ಸೆಟೆದುಕೊಂಡು ನಡೆದು "ನಾನು ಮೀರ್ಲಾನ್, ರೋಬೋಟು, ಬ್ಯಾಟರಿ ಹಾಕಿ" ಎಂದಿದ್ದ. ಮೀರ್ಲಾನ್‌ಗೆ ಅದು ನಗುವಂಥದ್ದೂ ಅನ್ನಿಸಲಿಲ್ಲ, ಅಳುವಂಥದ್ದೂ ಅನ್ನಿಸಲಿಲ್ಲ. ಬಸ್ಸು ಹಿಡಿದು ಮನೆಗೆ ಹೋಗಿದ್ದ. ಆದರೆ ಮಾರನೆಯ ದಿನದಿಂದ ಕೈ ಕೊಡುವುದು ನಿಂತರೆ ಜನ ಏನೆಂದುಕೊಳ್ಳಬೇಕು? ಎರಡೂ ಸೇರಿಸಿ ಲೆಕ್ಕ ಹಾಕಿದರು. ಮೀರ್ಲಾನ್‌ಗೆ ಕೆನೆಶ್ ಮೇಲೆ ಮುನಿಸು! ಆ ಕೋಪಕ್ಕೆ ಯಾರ ಕೈಯನ್ನೂ ಮುಟ್ಟುತ್ತಿಲ್ಲ!

ಒಂದು ಬೆಳಿಗ್ಗೆ ಜೊಲ್ದೊಷ್ ಉಗ್ರಾಣದ ಬಾಗಿಲು ತಟ್ಟಿ ಒಳಗೆ ಬಂದು, ಥಾನಿನ ಮೇಲೆ ಕೂತು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಗಂಡಸಿಗೆ ಸಿಟ್ಟು ಬರುತ್ತಪ್ಪ. ನಂಗೆ ಅರ್ಥ ಆಗುತ್ತೆ. ಆದ್ರೆ ಎಷ್ಟು ದಿನ?"

"ನಂಗೆ ಸಿಟ್ಟಿಲ್ಲ, ಬಾಯ್ಕೆ" ಎಂದ ಮೀರ್ಲಾನ್. ಹಿರಿಯಣ್ಣನನ್ನು ಅಲ್ಲಿ ಕರೆಯುವುದು ಹಾಗೆ.

"ಸಿಟ್ಟಿರೋರು ಎಲ್ಲಾ ಹೀಗೇ ಅನ್ನೋದು."

"ಸಿಟ್ಟು ಇಲ್ದೇ ಇರೋರು ಏನಂತಾರೆ ಹಾಗಾದ್ರೆ?"

ಜೊಲ್ದೊಷ್ ಯೋಚಿಸಿದ. "ಅವರೂ ಹಾಗೇ ಅಂತಾರೆ ಅನ್ನು. ಆದ್ರೆ ಅವರು ಕೈ ಕೊಡ್ತಾರೆ."

ಮೀರ್ಲಾನ್ ಧೈರ್ಯ ಮಾಡಿದ. ನೆಲ ನೋಡುತ್ತ, "ಬಾಯ್ಕೆ, ಯಾರಾದ್ರೂ ಮುಟ್ಟಿದ್ರೆ ನಂಗೆ ತಡಿಯಕ್ಕಾಗಲ್ಲ. ಅಷ್ಟೇ. ದೂರದಿಂದ ನಮಸ್ಕಾರ ಹೇಳ್ತೀನಿ, ಆಗಲ್ವಾ?" ಎಂದ.

ಜೊಲ್ದೊಷ್ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ. ಮುಖ ಸಪ್ಪಗಾಯಿತು. "ನಮ್ಮ ಕೈ ಕೊಳಕೇನಪ್ಪಾ?" ಎಂದ, ಮೆಲ್ಲಗೆ. ಮೀರ್ಲಾನ್ ಅಲ್ಲ ಅಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಎದ್ದು ಹೋಗಿಯೇಬಿಟ್ಟ.

ಮಧ್ಯಾಹ್ನ ನಜೀರಾ ಕರೆಸಿದಳು. ಅವಳ ಮೇಜಿನ ಮೇಲೆ ಆರಿದ ಚಹಾ, ಶಾಲಾ ಅಂಗಿಗಳ ರಾಶಿ.

"ನಿನ್ನ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಚಿಂದಿ ಮೂಟೆ ಅರ್ಧಕ್ಕಿಳಿದಿದೆ. ಆದ್ರೆ ನನ್ನ ಹಳೇ ಕಾರ್ಖಾನೆ ಇಬ್ರು ಮುನಿಸ್ಕೊಂಡಿದ್ದಕ್ಕೇ ಎರಡು ಹೋಳಾಗಿದ್ದು, ಗೊತ್ತಾ? ಅರ್ಧ ಜನ ಅವನ ಕಡೆ, ಅರ್ಧ ಜನ ಇವನ ಕಡೆ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ. ಶುಕ್ರವಾರ ಜೊಲ್ದೊಷ್ ಬಾಯ್ಕೆ ಕೂರಿಸಿ ರಾಜಿ ಮಾಡಿಸ್ತಾರೆ. ಆಯ್ತು ಅಂದ್ರೆ ಖಾಯಂ ಮಾಡ್ಕೋತೀನಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ."

"ಆದ್ರೆ ಎಜೆ, ಜಗಳಾನೇ ಆಗಿಲ್ವಲ್ಲ."

"ಇನ್ನೂ ಒಳ್ಳೇದಾಯ್ತು. ಬೇಗ ಮುಗಿಯುತ್ತೆ."

ಮನೆಯಲ್ಲಿ ಬುರುಲ್ ಹಿಟ್ಟು ನಾದುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಕೈ ನಿಲ್ಲಿಸದೆ, "ಕೈ ಏನು ಸವೆದು ಹೋಗುತ್ತಾ? ಹಿಡಿ, ಅಲ್ಲಾಡ್ಸು, ಬಿಡು" ಎಂದಳು.

"ಅಮ್ಮ, ಡಾಕ್ಟರ್ ಹೇಳಿದ್ದನ್ನ ಹೇಳಿಬಿಡ್ಲಾ?"

ಹಿಟ್ಟಿನ ಮೇಲೆ ಅವಳ ಕೈ ನಿಂತಿತು. ಹೋದ ವರ್ಷ ಒಬ್ಬ ಡಾಕ್ಟರಮ್ಮ ಬಾಗಿಲು ಹಾಕಿ ಹೇಳಿದ್ದಳು, ಇದು ಆಟಿಸಂ, ಹುಟ್ಟಿನಿಂದ ಇದೆ ಎಂದು. ತನ್ನ ಕಷ್ಟಕ್ಕೊಂದು ಹೆಸರಿದೆ ಎಂದು ಮೀರ್ಲಾನ್‌ಗೆ ಎಂಥ ಖುಷಿಯಾಗಿತ್ತು ಅವತ್ತು! ಆದರೆ ಆಕೆ ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಿದ್ದಳು. "ದೊಡ್ಡೋರಿಗೆ ನಮ್ಮಲ್ಲಿ ಇದನ್ನ ಬರೆಯೋ ರೂಢಿ ಇಲ್ಲ. ಬರೀಲೇಬೇಕು ಅಂದ್ರೆ ಬೇರೆ ಖಾಯಿಲೆ ಹೆಸರು ಬರೀಬೇಕಾಗುತ್ತೆ. ಅದು ಹುಚ್ಚಾಸ್ಪತ್ರೆ ದಾಖಲೆಗೆ ಹೋಗುತ್ತೆ. ಆಮೇಲೆ ಕೆಲಸ ಯಾರೂ ಕೊಡಲ್ಲ. ಬರೀಲಾ?" ಬೇಡ ಎಂದಿದ್ದಳು ಬುರುಲ್.

ಈಗಲೂ ಹಾಗೇ ಅಂದಳು. "ಬಾಯಿ ಬಿಟ್ಟೀಯಾ, ಜೋಕೆ. ಮಕ್ಕಳ ಖಾಯಿಲೆ ನಿಂಗ್ಯಾಕೋ ಅಂತಾರೆ. ಆಮೇಲೆ ಕಾಗದ ತಾ ಅಂತಾರೆ. ಕಾಗದ ತರೋಕೆ ಹೋದ್ರೆ ಹುಚ್ಚ ಅಂತ ಬರ್ಕೊಡ್ತಾರೆ." ಮತ್ತೆ ಹಿಟ್ಟು ನಾದುತ್ತ, "ತಬ್ಕೊಂಡ್ರೂ ತಡ್ಕೋ ಕಂದಾ, ಶುಕ್ರವಾರ ಒಂದಿನ" ಎಂದಳು.

ಶುಕ್ರವಾರ ಕಟಿಂಗ್ ಮೇಜಿನ ಮೇಲೆ ಬಟ್ಟೆಯ ಬದಲು ಊಟದ ಹಾಸು ಹರಡಿದ್ದರು. ಜೊಲ್ದೊಷ್ ತಾನೇ ಅಂಗಳದಲ್ಲಿ ಕಡಾಯಿ ಇಟ್ಟು ಕ್ಯಾರೆಟ್ಟು, ಕುರಿಮಾಂಸ ಹಾಕಿ ಪಲಾವು ಮಾಡಿದ್ದ. ಹೊಲಿಗೆಯ ಹೆಂಗಸರೂ ಯಂತ್ರ ನಿಲ್ಲಿಸಿ ಬಂದು ಗೋಡೆಗುಂಟ ನಿಂತರು. ಇಂಥದ್ದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ! ಮೀರ್ಲಾನ್ ಮತ್ತು ಕೆನೆಶ್‌ರನ್ನು ಎದುರುಬದುರು ಕೂರಿಸಿದರು. ಜೊಲ್ದೊಷ್ ದುಂಡನೆಯ ರೊಟ್ಟಿಯೊಂದನ್ನು ಎರಡಾಗಿ ಮುರಿದು ಇಬ್ಬರ ಮುಂದೆಯೂ ಒಂದೊಂದು ಇಟ್ಟ.

"ಕೆನೆಶ್, ನೀನು ಶುರು ಮಾಡು."

ಕೆನೆಶ್‌ನ ಮುಖ ಕೆಂಪಾಗಿತ್ತು. ದಿನಾ ಜಗತ್ತನ್ನೇ ನಗಿಸುವವನು ಇವತ್ತು ರೊಟ್ಟಿಯ ಚೂರನ್ನು ಹಿಂಡುತ್ತಿದ್ದ. "ತಮ್ಮಾ, ರೋಬೋಟು ಅಂದೆ, ತಪ್ಪಾಯ್ತು. ನನ್ನ ನಾಲಿಗೆ ನನ್ನ ಮಾತೇ ಕೇಳಲ್ಲ." ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ರೊಟ್ಟಿ ಮುಂದಿಟ್ಟುಕೊಂಡು ಅರ್ಧ ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಇನ್ನೊಂದಿದೆ. ನಿಂಗೆ ಗೊತ್ತಾಗಿದೆ, ಅದಕ್ಕೇ ಇಷ್ಟು ಕೋಪ. ನನ್ನ ಭಾವಮೈದ ಕೆಲಸ ಇಲ್ದೆ ಕೂತಿದಾನೆ. ನಿನ್ನ ಜಾಗ ಅವನಿಗೆ ಸಿಗ್ಲಿ ಅಂತ, ನೀನು ಒಬ್ಬೊಬ್ಬನೇ ಮಾತಾಡ್ಕೋತೀಯ, ತಲೆ ಸರಿ ಇಲ್ಲ ಅಂತ ಎಜೆ ಹತ್ರ ಹೇಳಿದ್ದೆ."

ಗೋಡೆಗುಂಟ ಒಂದು ಗುಸುಗುಸು ಹಾದುಹೋಯಿತು. ನಜೀರಾ ಗೋಡೆ ಬಿಟ್ಟು ಮುಂದೆ ಬಂದಳು.

"ಹೇಳಿದ್ದ, ನಿಜ. ಬೈದು ಕಳಿಸಿದ್ದೆ ನಾನು. ತಲೆ ಕೆಟ್ಟೋನು ಇಷ್ಟು ಚೆನ್ನಾಗಿ ಕೆಲಸ ಮಾಡ್ತಾನೇನೋ ಅಂದೆ. ಹಾಗೇನಾದ್ರೂ ಇದ್ರೆ ನಾನೇ ಇಟ್ಕೋತಿರ್ಲಿಲ್ಲ. ಇಲ್ಲಿ ಬ್ಲೇಡು ಓಡುತ್ತೆ, ಆಸ್ಪತ್ರೆ ಕಾಗದ ಇಲ್ದೆ ಅಂಥೋರನ್ನ ಒಳಗೆ ಬಿಡೋ ಹಾಗಿಲ್ಲ. ನಮ್ಮ ಮೀರ್ಲಾನ್‌ಗೆ ಅದೆಲ್ಲ ಏನೂ ಇಲ್ಲ. ಅಲ್ವೇನಪ್ಪಾ?"

ಮೀರ್ಲಾನ್ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಮಾತು ಕಟ್ಟಿಕೊಂಡು ಬಂದಿದ್ದ. ಅಮ್ಮ ಏನೇ ಅನ್ನಲಿ, ಎಲ್ಲರೂ ಒಟ್ಟಿಗಿರುವಾಗ ಹೇಳಿಬಿಡುವುದು ಎಂದುಕೊಂಡಿದ್ದ. ನಾನು ಹುಟ್ಟಿದ್ದೇ ಹೀಗೆ, ಇದಕ್ಕೊಂದು ಹೆಸರಿದೆ. ಈಗ ಆ ಹೆಸರು ಹೇಳಿದರೆ ಆಸ್ಪತ್ರೆ ಕಾಗದ ತಾ ಎನ್ನುತ್ತಾರೆ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಏನೂ ಇಲ್ಲ" ಎಂದ. ಅವನ ಬಾಯಿಂದ ಸುಳ್ಳು ಸುಲಭವಾಗಿ ಬರುವುದಿಲ್ಲ. ಬಂದದ್ದಕ್ಕೆ ಕಿವಿ ಉರಿಯಿತು.

"ಸರಿ, ಈಗ ನೀನು ಹೇಳು" ಎಂದ ಜೊಲ್ದೊಷ್. "ಮುನಿಸು ಬಿಟ್ಯಾ?"

ಮೀರ್ಲಾನ್ ಪ್ರಶ್ನೆಯನ್ನು ಸರಿಯಾಗಿ ಯೋಚಿಸಿದ. ಭಾವಮೈದನಿಗೋಸ್ಕರ ಈ ಮನುಷ್ಯ ತನ್ನ ಅನ್ನ ತೆಗೆಯಲು ಹೊರಟಿದ್ದ. ಇದು ಅವನಿಗೆ ಗೊತ್ತೇ ಇರಲಿಲ್ಲ.

"ಇಷ್ಟು ದಿನ ಮುನಿಸು ಇರ್ಲಿಲ್ಲ" ಎಂದ. "ಈಗ ಸ್ವಲ್ಪ ಬಂದಿದೆ."

ಕೆನೆಶ್ ಹೊಟ್ಟೆ ಹಿಡಿದು ನಗತೊಡಗಿದ, ಅವನ ಹಿಂದೆ ಇಡೀ ಕೋಣೆ. "ನೋಡ್ರೋ, ತಮಾಷೆ ಮಾಡ್ತಾನೆ! ನಮ್ಮ ಮೀರ್ಲಾನ್ ತಮಾಷೆ ಮಾಡ್ತಾನೆ!" ಯಾರೋ ಹೆಂಗಸು ಸೆರಗಿನಂಥ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಕೆನೆಶ್ ಮೇಜು ಸುತ್ತಿ ಬಂದವನೇ ಇವನನ್ನು ಎಬ್ಬಿಸಿ ತಬ್ಬಿಕೊಂಡ. ಹಬೆ, ಬೆವರು, ಈರುಳ್ಳಿ, ಒದ್ದೆ ಕೆನ್ನೆ. ಮೀರ್ಲಾನ್ ಕಣ್ಣು ಮುಚ್ಚಿ ಒಂದು ಕಾಲರನ್ನು ಮನಸ್ಸಿನಲ್ಲೇ ತಿರುಗಿಸಿದ, ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ, ಎಲ್ಲೂ ಕೂರಲಿಲ್ಲ. ಜೊಲ್ದೊಷ್ ಅಂಗೈಗಳನ್ನು ಮುಖಕ್ಕೆ ಸವರಿ "ಓಮೀನ್" ಎಂದು ಹರಸಿದ.

"ಸೋಮವಾರದಿಂದ ಖಾಯಂ" ಎಂದಳು ನಜೀರಾ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇನ್ನೊಂದು ಮಾತು" ಎಂದ ಜೊಲ್ದೊಷ್, ಪಲಾವಿನ ತಟ್ಟೆ ಮುಂದೆ ಸರಿಸುತ್ತ. ಇವತ್ತಿನ ಕೆಲಸ ಅವನಿಗೆ ತುಂಬ ಹಿಡಿಸಿತ್ತು. "ಹುಡುಗ ಆ ಉಗ್ರಾಣದಲ್ಲಿ ಒಬ್ಬನೇ ಕೂತೂ ಕೂತೂ ಮನಸ್ಸು ಕೆಡಿಸ್ಕೊಂಡ. ಇನ್ಮೇಲೆ ಬೀಗದ ಕೈ ಕೆನೆಶ್ ಹತ್ರ ಇರ್ಲಿ. ಆಮೇಲೆ ಬರೀ ಕೈಕುಲುಕೋದೇನು, ಕಚೇರಿಯೋರ ಥರ? ಇವನೀಗ ನಮ್ಮನೆಯೋನು. ಬೆಳಿಗ್ಗೆ ಎಲ್ಲರೂ ತಬ್ಬಿ ಮಾತಾಡ್ಸಿ. ಸಂಕೋಚ ತಾನಾಗೇ ಬಿಟ್ಟೋಗುತ್ತೆ."

"ಬಾಯ್ಕೆ, ಅದೆಲ್ಲ ಬೇಡ" ಎಂದ ಮೀರ್ಲಾನ್.

"ನಮಗೇನೂ ತೊಂದರೆ ಇಲ್ಲ ಕಣಪ್ಪಾ!"

ಅವತ್ತು ಸಂಜೆ ಬುರುಲ್ ನೆಂಟರಿಗೆಲ್ಲ ಫೋನು ಮಾಡಿದಳು. ಮಗ ಖಾಯಂ ಆದ, ಕಾರ್ಖಾನೆಯಲ್ಲಿ ಇವನೆಂದರೆ ಎಲ್ಲರಿಗೂ ಪ್ರಾಣ, ಇವನಿಗೋಸ್ಕರ ಪಲಾವು ಮಾಡಿದರಂತೆ. ಒಂದು ಮಾತೂ ಸುಳ್ಳಲ್ಲ. ಮೀರ್ಲಾನ್ ಒಳಕೋಣೆಯಲ್ಲಿ ಅಂಗಿ ಬಿಚ್ಚಿ ಒಗೆಯಲು ಹಾಕಿ, ಮೈ ಮೂರು ಸಲ ಉಜ್ಜಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗೋಡೆ ತಣ್ಣಗಿತ್ತು, ಅವನನ್ನು ಏನೂ ಕೇಳುತ್ತಿರಲಿಲ್ಲ.

ಸೋಮವಾರ ಬೇಗ ಬಂದ. ಉಗ್ರಾಣಕ್ಕೆ ಬೀಗ. ಕಟಿಂಗ್ ಮೇಜಿನ ಪಕ್ಕ ನಿಂತು, ಹೊರಗೆ ಮೆಟ್ಟಿಲಿನ ಮೇಲೆ ಬೂಟುಗಳ ಸದ್ದು ಏರುವುದನ್ನು ಕೇಳಿಸಿಕೊಂಡ. ಮೊದಲು ಬಂದವನು ಕೆನೆಶ್. ಬಾಗಿಲಿನಿಂದಲೇ ಎರಡೂ ತೋಳು ಚಾಚಿಕೊಂಡು ಬಂದ, ಬಂದು ಅಪ್ಪಿಕೊಂಡ.

"ಮರದ ಹಲಗೆ ಥರ ಇದೀಯಲ್ಲೋ ಮಾರಾಯ! ಸ್ವಲ್ಪ ಸಡಿಲ ಬಿಡು ಮೈನ."

"ಬಿಡ್ತೀನಿ" ಎಂದ ಮೀರ್ಲಾನ್.

ಕೆನೆಶ್‌ನ ಭುಜದಾಚೆ ಜೊಲ್ದೊಷ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಗುತ್ತ ಕಾಯುತ್ತಿದ್ದ. ಅವನ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು.