ತಾರಸಿಯಿಂದ ಕಂಡ ಅಂಗಡಿ

ನಮ್ಮ ಅತ್ತಿಗೆ ಸ್ವಂತ ಅಂಗಡಿ ಹಾಕುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅನ್ನುವ ಧೈರ್ಯ ಯಾರಿಗಿತ್ತು? ಮದುವೆಯಾಗಿ ಬಂದಾಗಿನಿಂದ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಪ್ಯಾಂಟಿನ ಉದ್ದ ಕತ್ತರಿಸುವುದು, ಕೆಟ್ಟ ಜಿಪ್ ಬದಲಾಯಿಸುವುದು, ದಪ್ಪಗಾದವರ ಕೋಟು ಬಿಚ್ಚಿ ಅಗಲ ಮಾಡುವುದು, ಇದೇ ಅವರ ಕೆಲಸ. "ಹೊಸ ಬಟ್ಟೆ ಯಾರು ಬೇಕಾದ್ರೂ ಹೊಲೀತಾರೆ. ಹಳೇದನ್ನ ಮೈಗೆ ಒಗ್ಗಿಸೋದು ನಂಗೆ ಗೊತ್ತು" ಎನ್ನುತ್ತಿದ್ದರು. ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಧಾಟಿ.

ದಳ್ಳಾಳಿ ಎರಡು ಮಳಿಗೆ ತೋರಿಸಿದ್ದ. ಒಂದು ದೊಡ್ಡ ರಸ್ತೆಯ ಮೂಲೆಯಲ್ಲಿ, ಎರಡು ಕಡೆಯೂ ಗಾಜು. ಇನ್ನೊಂದು ಅದರ ಹಿಂದಿನ ಓಣಿಯಲ್ಲಿ, ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ ಕಿಷ್ಕಿಂಧೆಯಂಥ ಕೋಣೆ. "ಆ ಓಣೀಲಿ ನೊಣಾನೂ ಹಾರಲ್ಲಮ್ಮ, ಮೂಲೆ ಅಂಗಡಿ ಕಣ್ಣುಮುಚ್ಚಿ ತಗೊಳ್ಳಿ. ನಾಳೆ ಒಳಗೆ ಹೇಳದಿದ್ರೆ ಬೇರೆಯವರ ಪಾಲಾಗುತ್ತೆ" ಎಂದು ಫೋನಿನಲ್ಲಿ ಅವಸರ ಮಾಡಿದ. ನನಗೂ ಆ ಗಾಜಿನ ಮೇಲೆ ಆಸೆ ಹುಟ್ಟಿತ್ತು. ಅತ್ತಿಗೆ ಮಾತ್ರ "ಕಣ್ಣುಬಿಟ್ಟೇ ತಗೋತೀನಿ" ಎಂದು ಫೋನಿಟ್ಟರು.

"ನಡಿಯೇ, ಮಾರುಕಟ್ಟೆ ತಾರಸಿಗೆ ಹೋಗೋಣ" ಎಂದರು ನನಗೆ.

"ಈಗ್ಲಾ? ಊರು ನೋಡೋ ಹೊತ್ತಾ ಇದು?"

"ಊರನ್ನಲ್ಲ ಮಾರಾಯ್ತಿ, ಜನರನ್ನ. ಆ ಬೀದೀಲಿ ಎಷ್ಟು ಸಲ ನಿಂತು ನೋಡಿದ್ರೂ ಬರೀ ಬೆನ್ನು, ಹೆಗಲು ಕಾಣ್ತವೆ. ಎಲ್ಲಿಂದ ಬರ್ತಾರೆ, ಎಲ್ಲಿಗೆ ಹೋಗ್ತಾರೆ, ಒಂದೂ ತಿಳಿಯಲ್ಲ."

ನದಿಯಾಚೆಯ ಗಾಜಿನ ಗೋಪುರಕ್ಕೆ ಹೋಗಿ ನೋಡುವವರು ನೋಡಲಿ, ಅದರ ಟಿಕೆಟ್ಟಿಗೆ ಜೇಬು ಗಟ್ಟಿ ಇರಬೇಕು. ನಮ್ಮ ಹಳೇ ಮಾರುಕಟ್ಟೆ ಕಟ್ಟಡದ ತಾರಸಿಗೆ ಒಂದು ಕಾಫಿಯಷ್ಟು ದುಡ್ಡು ಕೊಟ್ಟರೆ ಸಾಕು. ಈರುಳ್ಳಿ ವಾಸನೆಯ ಲಿಫ್ಟಿನಲ್ಲಿ ಮೇಲೆ ಹೋಗಿ, ಕೊನೆಗೆ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಬಾಗಿಲಲ್ಲಿ ಟಿಕೆಟ್ ಕೊಡುವ ಹೆಂಗಸು ಸ್ವೆಟರ್ ಹೆಣೆಯುತ್ತಲೇ "ಕಟಕಟೆ ಮೇಲೆ ಕೂರಬೇಡಿ" ಎಂದಳು.

ನನಗೆ ಹೇಳುವ ಅಗತ್ಯವೇ ಇರಲಿಲ್ಲ. ಸ್ಟೂಲು ಹತ್ತಿ ಬಲ್ಬು ಬದಲಾಯಿಸಲೂ ಹೆದರುವವಳು ನಾನು. ಹೊರಗೆ ಕಾಲಿಟ್ಟವಳೇ ನೀರಿನ ಟ್ಯಾಂಕಿನ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡೆ. ಅತ್ತಿಗೆ ನೆಟ್ಟಗೆ ಅಂಚಿಗೆ ಹೋಗಿ ಕಟಕಟೆಯ ಮೇಲೆ ಮೊಣಕೈ ಊರಿದರು.

ಕಚೇರಿಗಳು ಬಿಡುವ ಹೊತ್ತು. ಅತ್ತಿಗೆ ಕೆಳಗಿನ ಸಿಗ್ನಲ್ಲನ್ನೇ ನೋಡುತ್ತಾ ನಿಂತರು. ಆಮೇಲೆ ಕೂಗಿದರು: "ನೋಡೇ, ಸಿಗ್ನಲ್ ಬಿಟ್ಟ ಕೂಡ್ಲೇ ಎಲ್ಲಾ ಓಡ್ತಾರೆ, ಓಡಿ ಮೇಲ್ಸೇತುವೆ ಮೆಟ್ಟಿಲು ಹತ್ತುತ್ತಾರೆ. ಮೂಲೆ ಅಂಗಡಿ ಆ ಸೇತುವೆ ಕಾಲಡಿ ಬಿದ್ದುಬಿಟ್ಟಿದೆ. ಒಬ್ಬರೂ ಅತ್ತ ತಿರುಗಲ್ಲ!"

"ಗಾಜಿದೆಯಲ್ಲ ಅತ್ತಿಗೆ, ಕಾಣುತ್ತಲ್ಲ?"

"ಓಡೋರಿಗೆ ಗಾಜೂ ಒಂದೇ ಗೋಡೇನೂ ಒಂದೇ. ಓಣಿ ಬಾಯಿ ಇಲ್ಲಿಂದ ಕಾಣಲ್ಲ, ಹೋರ್ಡಿಂಗ್ ಅಡ್ಡ ಇದೆ. ನೀನಿರೋ ಕಡೆಯಿಂದ ಕಾಣುತ್ತೆ. ಸ್ವಲ್ಪ ಬಗ್ಗಿ ಹೇಳು."

"ನಾನಾ? ಬಗ್ಗೋದಾ?"

ಅವರು ಬಂದು ನನ್ನ ತೋಳು ಹಿಡಿದರು. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡರು. "ನಾನು ಬಿಡಲ್ಲ. ನೀನು ಬಿದ್ದು ಹೋದ್ರೆ ನಿಮ್ಮಣ್ಣಂಗೆ ಏನು ಹೇಳಲಿ? ಊಟಕ್ಕೆ ಕಡಿಮೆ ಅಕ್ಕಿ ಹಾಕು ಅಂತಲಾ?" ನಗು ಬಂತು. ಆ ನಗುವಿನಲ್ಲೇ ಕಟಕಟೆಯವರೆಗೆ ಹೋದೆ, ಕಣ್ಣು ಬಿಟ್ಟೆ.

ಓಣಿಯ ತುದಿಯಲ್ಲಿ ಬಸ್ ನಿಲ್ದಾಣದ ಹಿಂಬಾಗಿಲು. ಅಲ್ಲಿಂದ ಶುರುವಾದ ಬಸ್ಸಿನ ಸಾಲು ಗೋಡೆಗುಂಟ ಬಾಗಿ, ಓಣಿಯ ಉದ್ದಕ್ಕೂ ಹರಿದಿತ್ತು. ಮುಚ್ಚಿದ ಆ ಗಡಿಯಾರದ ಅಂಗಡಿಯ ಮುಂದೆಯೇ ಜನ ನಿಂತಿದ್ದರು. ನಿಂತವರು ಕದಲುತ್ತಿರಲಿಲ್ಲ.

"ಅತ್ತಿಗೆ! ನಿಮ್ಮ ಬಾಗಿಲಿಗೇ ಒರಗಿ ನಿಂತಿದಾರೆ!"

"ನನ್ನ ಬಾಗಿಲು ಅಂದೆಯಲ್ಲ, ಆಯ್ತು ಬಿಡು" ಎಂದು ನಕ್ಕರು.

ಅಷ್ಟಕ್ಕೇ ಒಪ್ಪಲು ನಾನು ಸಿದ್ಧವಿರಲಿಲ್ಲ. ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿ ನೋಡಿ ಪಳಗಿದವಳು. "ಬಸ್ಸಿಗೆ ನಿಂತೋರು ಸಾಲು ಬಿಟ್ಟು ನಿಮ್ಮ ಹತ್ರ ಬರ್ತಾರಾ? ಜಾಗ ಹೋಗುತ್ತೆ ಅಂತ ಸೀನೋಕೂ ಯೋಚಿಸ್ತಾರೆ."

ಅತ್ತಿಗೆ ತಾವೂ ಓಣಿಯತ್ತ ಬಗ್ಗಿ ನೋಡಿದರು. "ಅದನ್ನ ಅಲ್ಲಿ ಕೂತಮೇಲೆ ನೋಡ್ಕೋತೀನಿ. ನಿಂತ ಜನ ಸಿಕ್ಕಿದಾರೆ, ಅವರನ್ನ ಮಾತಾಡಿಸೋದು ನನ್ನ ಕೆಲಸ." ಅಲ್ಲಿಂದಲೇ ದಳ್ಳಾಳಿಗೆ ಫೋನ್ ಮಾಡಿದರು. ಅವನು ಏನೇನೋ ಹೇಳಿದ. ಇವರು "ಹೂಂ, ಹೂಂ" ಎಂದು ಪೂರ್ತಿ ಕೇಳಿ, "ಓಣೀದೇ ಇರಲಿ" ಎಂದರು. ಕೆಲಸ ಮುಗಿದರೂ ನಾವು ಕೆಳಗಿಳಿಯಲಿಲ್ಲ. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವವರೆಗೂ ನಿಂತು ನಮ್ಮ ಮನೆ ಯಾವುದೆಂದು ಹುಡುಕಿದೆವು. ಸಿಗಲಿಲ್ಲ.

ಅಂಗಡಿ ತೆರೆದ ಮೊದಲ ವಾರ ನನ್ನ ಮಾತೇ ನಿಜವಾಯಿತು. ಜನ ಬಾಗಿಲ ಮುಂದೆ ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅಣ್ಣ ಊಟದ ಹೊತ್ತಿನಲ್ಲಿ ಅಂಗಡಿಯ ಮಾತೆತ್ತುವುದನ್ನೇ ಬಿಟ್ಟ. ಅತ್ತಿಗೆ ಮುಖ ಸಪ್ಪೆ ಮಾಡಲಿಲ್ಲ. ಒಳಮೂಲೆಯಲ್ಲಿದ್ದ ಮಿಷನ್ನನ್ನು ಹೊಸ್ತಿಲವರೆಗೆ ಎಳೆದು ತಂದು, ಸಾಲಿಗೆ ಎದುರಾಗಿ ಕೂತು, ನಮ್ಮಣ್ಣನ ಹಳೇ ಕೋಟನ್ನೇ ಬಿಚ್ಚಿ ಹೊಲಿಯತೊಡಗಿದರು. ಕೈಯಲ್ಲಿ ಮಾಡಲು ಏನೂ ಇಲ್ಲದೆ ನಿಂತವರಿಗೆ ಇನ್ನೊಬ್ಬರ ಕೈ ನೋಡುವುದೇ ಒಂದು ಹೊತ್ತು ಕಳೆಯುವ ದಾರಿ. ಒಬ್ಬ ಹೆಗಲ ಮೇಲಿನ ಚೀಲ ತೋರಿಸಿ ಕೇಳಿದ, "ಇದಕ್ಕೆ ಜಿಪ್ ಹಾಕ್ತೀರಾ?" ಮರುದಿನ ಬೆಳಿಗ್ಗೆ ಬಸ್ಸಿಳಿದು ಚೀಲ ಕೊಟ್ಟು ಹೋದ. ಸಂಜೆ ಸಾಲಿನಲ್ಲಿ ನಿಂತೇ ತೆಗೆದುಕೊಂಡ. ಅವನ ಹಿಂದೆ ನಿಂತಿದ್ದ ನರ್ಸಮ್ಮ ಆ ಜಿಪ್ ಎಳೆದು ನೋಡಿ ಮೆಚ್ಚಿ ತಲೆಯಾಡಿಸಿದಳು.

ಮಿಷನ್ನು ಎರಡಾದ ಮೇಲೆ ನಾನು ಕನ್ನಡಕದ ಅಂಗಡಿ ಬಿಟ್ಟು ಬಂದೆ. ಈಗ ಸಂಜೆಯಾದರೆ ನಾನು ಬಾಗಿಲಲ್ಲಿ ನಿಂತು ಬಟ್ಟೆಯ ಮೇಲಿನ ಚೀಟಿ ಓದಿ ಕೂಗುತ್ತೇನೆ. "ನೀಲಿ ಪ್ಯಾಂಟು, ಕೊನೇಲಿ ನಿಂತಿರೋ ಮೇಷ್ಟ್ರಿಗೆ!" ಯಾರೂ ತಮ್ಮ ಜಾಗ ಬಿಡುವುದಿಲ್ಲ. ಪ್ಯಾಂಟು ಕೈಯಿಂದ ಕೈಗೆ ದಾಟಿ, ಓಣಿಯ ತುದಿಗೆ ಹೋಗಿ ಮೇಷ್ಟ್ರ ಹೆಗಲೇರುತ್ತದೆ.