ಈರುಳ್ಳಿ ಸೊಪ್ಪಿನ ಪುಟ

"ನಿಮ್ಮ ವೆಬ್‌ಸೈಟಲ್ಲಿದ್ದ ಫೋಟೋ ಹಾಗೇ ಇತ್ತು ಮೇಡಂ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರ್ಲಿಲ್ಲ," ಎಂದಳು ಫೋನಿನಲ್ಲಿದ್ದ ಹೆಂಗಸು. "ಹೊಸದಾಗಿ ಬಾಡಿಗೆಗೆ ಬಂದ ಮನೆ, ಅಂಗಳದ ಕುಂಡದಲ್ಲಿ ಈರುಳ್ಳಿ ಸೊಪ್ಪು ಸೊಂಪಾಗಿ ಬೆಳೆದಿತ್ತು. ಗಡ್ಡೆ ಸಮೇತ ಹೆಚ್ಚಿ, ಮೊಟ್ಟೆ ಜೊತೆ ಹುರಿದು ನಮ್ಮ ಮಾವನಿಗೆ ಕೊಟ್ಟೆ. ಈಗ ಒಂದೇ ಸಮನೆ ವಾಂತಿ. ಈರುಳ್ಳಿ ಸೊಪ್ಪು ಕೆಲವರಿಗೆ ಒಗ್ಗಲ್ವಾ?"

ನರ್ಸರಿಯಮ್ಮ ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟಳು. ಗಿಡ ಬೆಳೆಸಿ ಮಾರುವ ಅವಳನ್ನು ಸುತ್ತಮುತ್ತಲಿನವರೆಲ್ಲ ಕರೆಯುತ್ತಿದ್ದುದೇ ಹಾಗೆ.

"ಹೆಚ್ಚುವಾಗ ಈರುಳ್ಳಿ ವಾಸನೆ ಬಂತಾ?"

"ಅಷ್ಟಾಗಿ ಬರ್ಲಿಲ್ಲ. ಕುಂಡದ್ದಲ್ವಾ, ಅದಕ್ಕೇ ಇರ್ಬೇಕು ಅಂದ್ಕೊಂಡೆ."

ಪೈಪಿನ ನೀರು ಚಪ್ಪಲಿಯೊಳಗೆ ಹರಿಯುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. "ಅದು ಈರುಳ್ಳಿ ಸೊಪ್ಪಲ್ಲ. ರೈನ್ ಲಿಲಿ, ಹೂವಿನ ಗಿಡ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಉಳಿದ ಗಡ್ಡೆ ಒಂದು ಜೊತೆಗಿರಲಿ, ಡಾಕ್ಟರಿಗೆ ತೋರಿಸಿ, ಹೆಸರೂ ಹೇಳಿ. ನೀವೂ ತಿಂದ್ರಾ?"

"ನಾನಿನ್ನೂ ತಿಂದಿಲ್ಲ. ಆದ್ರೆ ನಿಮ್ಮ ಫೋಟೋದಲ್ಲಿ..."

"ಮೊದ್ಲು ಹೊರಡಿ."

ಫೋನಿಟ್ಟು ಅವಳು ಶೆಡ್ಡಿನೊಳಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಗೊಬ್ಬರದ ಚೀಲಗಳ ನಡುವೆ ಒಂದು ಮೇಜು, ಅಷ್ಟೇ ಅವಳ ಆಫೀಸು. ಮಣ್ಣು ಮೆತ್ತಿದ ಬೆರಳಿನಿಂದಲೇ ಪುಟ ತೆರೆದಳು. 'ಕುಂಡದಲ್ಲಿ ಈರುಳ್ಳಿ ಸೊಪ್ಪು ಬೆಳೆಯುವುದು ಹೇಗೆ?' ಕೆಳಗೆ ಫೋಟೋ. ಎಳೆ ಎಳೆಯಾದ ಹಸಿರು ಗರಿಗಳು, ಅವುಗಳ ಮರೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ, ಗುಲಾಬಿ ಬಣ್ಣದ ಮೊಗ್ಗು. ಈರುಳ್ಳಿಗೆ ಅಂಥ ಮೊಗ್ಗು ಬರುವುದಿಲ್ಲ. ಅದು ರೈನ್ ಲಿಲಿಯ ಫೋಟೋ.

ವೆಬ್‌ಸೈಟುಗಳನ್ನು ಮಾಡಿಕೊಡುವ ಕೆಲಸದಲ್ಲಿದ್ದ ಅವಳ ತಮ್ಮ ಕಳೆದ ತಿಂಗಳು ಪಕ್ಕದಲ್ಲೇ ಕೂತು ಪಾಠ ಮಾಡಿದ್ದ. ಅಂಗಡಿಯನ್ನು ಯಾರೂ ಹುಡುಕಿ ಬರುತ್ತಿಲ್ಲ ಎಂದು ಅವಳೇ ಗೋಳಾಡಿದ್ದಳು. "ಒಂದು ಪುಟಕ್ಕೆ ಒಂದೇ ವಿಷಯ ಇರ್ಲಿ ಅಕ್ಕ. ನೀನು ಕೊಡೋ ಹೆಸರಲ್ಲ, ಜನ ಏನಂತ ಟೈಪ್ ಮಾಡ್ತಾರೋ ಅದೇ ತಲೆಬರಹ ಆಗ್ಬೇಕು. ಫೋಟೋ ಹಗುರ ಮಾಡು, ಪುಟ ತೆರ್ಕೊಳ್ಳೋಕೆ ಆಕಳಿಸ್ತಾ ಕೂತ್ರೆ ಜನ ಎದ್ದು ಹೋಗ್ತಾರೆ. ಕ್ಯಾಮೆರಾ ಕೊಟ್ಟ ನಂಬರನ್ನ ಹಾಗೇ ಬಿಡ್ಬೇಡ, ಪ್ರತಿ ಫೋಟೋದಲ್ಲಿ ಏನಿದೆ ಅಂತ ಬರಿ. ಗೂಗಲ್ಲು ಗಿಡ ಮುಟ್ಟಿ ನೋಡಲ್ಲ, ನೀನು ಬರೆದದ್ದನ್ನೇ ನಂಬುತ್ತೆ."

ಅವಳು ಅಚ್ಚುಕಟ್ಟಿನ ಹೆಂಗಸು. ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿದ್ದಳು. ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇದ್ದ ಈರುಳ್ಳಿ ಸೊಪ್ಪು, ರೈನ್ ಲಿಲಿ ಕುಂಡಗಳ ಫೋಟೋಗಳು, ಕ್ಯಾಮೆರಾ ಕೊಟ್ಟದ್ದು ಒಂದರ ಹಿಂದೊಂದು ನಂಬರು. ರಾಶಿ ಫೋಟೋಗಳಿಗೆ ಹೆಸರಿಡುತ್ತಾ ಕಣ್ಣು ಮಂಜಾಗಿದ್ದಾಗ ಅದರದು ಇದಕ್ಕೆ, ಇದರದು ಅದಕ್ಕೆ ಹೋಗಿತ್ತು. ಎರಡೇ ವಾರದಲ್ಲಿ ಈರುಳ್ಳಿ ಸೊಪ್ಪಿನ ಪುಟ ಗೂಗಲ್ಲಿನಲ್ಲಿ ಎಲ್ಲರಿಗಿಂತ ಮೇಲೆ ಬಂದು ಕೂತಾಗ ಅವಳು ತಮ್ಮನಿಗೆ ಫೋನ್ ಮಾಡಿ ನಕ್ಕಿದ್ದಳು. ಈಗ ಎಷ್ಟು ಜನ ನೋಡಿದ್ದಾರೆಂದು ತೋರಿಸುವ ಗ್ರಾಫನ್ನು ತೆರೆದಳು. ಗೆರೆ ಏರುತ್ತಲೇ ಇತ್ತು. ಅಷ್ಟು ಜನರಲ್ಲಿ ಫೋನ್ ಮಾಡಿದವಳು ಒಬ್ಬಳು. ಉಳಿದವರು? ಅವರ ಅಂಗಳದಲ್ಲಿ ಏನಿದೆಯೋ, ಬಾಣಲೆಯಲ್ಲಿ ಏನಿದೆಯೋ.

ತಮ್ಮನಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. "ಅವರಿಗೆ ಗೊತ್ತಾಯ್ತಾ, ತಪ್ಪು ನಮ್ದು ಅಂತ?" ಎಂದ.

"ಕೇಳೋಕೆ ಬಂದ್ಲು. ನಾನು ಹೇಳ್ಲಿಲ್ಲ ಕಣೋ."

"ಫೋಟೋ ಬದಲಾಯಿಸಿಬಿಡು, ಯಾರಿಗೂ ಗೊತ್ತಾಗಲ್ಲ."

"ಬದಲಾಯಿಸಿದ್ರೆ ಎಲ್ಲಾ ಕಡೆಯಿಂದ್ಲೂ ಹೋಗುತ್ತಾ?"

"ನಮ್ಮ ಪುಟದಿಂದ ಹೋಗುತ್ತೆ. ಹುಡುಕಿದಾಗ ಬರೋ ಸಣ್ಣ ಚಿತ್ರ ಇನ್ನೂ ಕೆಲವು ದಿನ ಹಳೇದೇ ಇರುತ್ತೆ. ಅದು ನಮ್ಮ ಕೈಲಿಲ್ಲ."

"ಹಾಗಾದ್ರೆ ಅದನ್ನ ನೋಡಿ ಕುಯ್ಯೋರು ಕುಯ್ತಾರೆ."

ತಮ್ಮ ದನಿ ತಗ್ಗಿಸಿ, "ಪುಟ ಅಳಿಸ್ಬೇಡ ಅಕ್ಕ," ಎಂದ. "ಅಳಿಸಿದ್ರೆ ಬಂದೋರು ಖಾಲಿ ಪುಟ ನೋಡಿ ವಾಪಸ್ ಹೋಗ್ತಾರೆ. ಅದೇ ವಿಳಾಸ ಇರ್ಲಿ, ತಲೆಬರಹ ಬದಲಾಯಿಸು. ಹುಡುಕಿದಾಗ ಆ ಚಿತ್ರದ ಪಕ್ಕ ಬರೋ ಮೊದಲ ಸಾಲು ನಮ್ಮದೇ ಅಲ್ವಾ, ಅಲ್ಲೇ ಹೇಳು."

ಎರಡು ಸಲ ಬರೆದು ಅಳಿಸಿದಳು. ಊರೆಲ್ಲ ಓದುತ್ತದೆ, ನಾಳೆಯಿಂದ ಒಂದು ತುಳಸಿ ಗಿಡವನ್ನೂ ಯಾರೂ ನಂಬಿ ಕೊಳ್ಳುವುದಿಲ್ಲ. ಕೊನೆಗೆ ಬರೆದಳು: 'ಈ ಚಿತ್ರದಲ್ಲಿರುವುದು ಈರುಳ್ಳಿ ಸೊಪ್ಪಲ್ಲ, ತಿನ್ನಬೇಡಿ.' ಕೆಳಗೆ, ಇದು ವಿಷದ ಗಡ್ಡೆ, ತಪ್ಪು ಹೆಸರು ಹಾಕಿದ್ದು ನಾನೇ, ತಿಂದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದು ಬರೆದು ತನ್ನ ನಂಬರನ್ನೂ ಹಾಕಿದಳು.

ಆಮೇಲೆ ಫೋನು ಸದ್ದು ಮಾಡಿದಾಗಲೆಲ್ಲ ಅವಳು ಓಡಿ ಬಂದು ಎತ್ತಿಕೊಂಡಳು. ಗುಲಾಬಿ ಗಿಡದ ಬೆಲೆ ಕೇಳಿದವನಿಗೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಕತ್ತಲಾಗುವ ಹೊತ್ತಿಗೆ ಆ ಹೆಂಗಸು ಮತ್ತೆ ಕರೆ ಮಾಡಿದಳು.

"ಡ್ರಿಪ್ ಹಾಕಿದ್ರು. ವಾಂತಿ ನಿಂತಿದೆ. ಬೆಳಿಗ್ಗೆ ಬೇಗ ಮನೆಗೆ ಕಳಿಸ್ತಾರಂತೆ."

"ಫೋಟೋ ತಪ್ಪಿತ್ತಮ್ಮ. ನಾನೇ ಹಾಕಿದ್ದು. ಮಧ್ಯಾಹ್ನವೇ ಹೇಳ್ಬೇಕಿತ್ತು, ಹೆದರಿದೆ."

ಆ ಕಡೆ ಆಸ್ಪತ್ರೆಯ ಟ್ರಾಲಿಯೊಂದು ಗಡಗಡ ಸದ್ದು ಮಾಡುತ್ತಾ ಹಾದುಹೋಯಿತು. "ನಿಮ್ಮ ಪುಟದಲ್ಲಿ ಓದಿದೆ," ಎಂದಳು ಹೆಂಗಸು. "ನಾಳೆ ಬಂದು ಆ ಕುಂಡ ತಗೊಂಡು ಹೋಗಿ. ನನಗೆ ಅದನ್ನ ಮುಟ್ಟೋಕೆ ಆಗಲ್ಲ."

ಮರುದಿನ ನರ್ಸರಿಯಮ್ಮ ಆ ಮನೆಗೆ ಹೋದಾಗ ಮುದುಕ ಮಾವ ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಮುಖ ಇಳಿದಿತ್ತು, ಕಣ್ಣಲ್ಲಿ ಮಾತ್ರ ಕಿಡಿಗೇಡಿತನ ಹಾಗೇ ಇತ್ತು. "ಆ ಸೊಪ್ಪಿನವರು ನೀವೇನಾ? ಸೊಸೆ ಅಡಿಗೆಗೆ ಹೆದರೋದನ್ನ ಬಿಟ್ಟು ಬಹಳ ವರ್ಷ ಆಗಿತ್ತು, ಮತ್ತೆ ಶುರು ಮಾಡಿಸಿದ್ರಿ," ಎಂದ. ಅವಳಿಗೆ ನಗು ಬರಲಿಲ್ಲ. ಕೈಮುಗಿದಳು.

ಪುಟ್ಟ ಮಗಳನ್ನು ಶಾಲೆಗೆ ಬಿಟ್ಟು ಬಂದ ಸೊಸೆ ಅವಳನ್ನು ಅಂಗಳಕ್ಕೆ ಕರೆದೊಯ್ದಳು. ಕುಂಡ ನಲ್ಲಿಯ ಪಕ್ಕದಲ್ಲಿತ್ತು. ನರ್ಸರಿಯಮ್ಮ ಮಣ್ಣು ಸಡಿಲಿಸಿ ಗಡ್ಡೆಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕಿದಳು. ಉಳಿದ ಮರಿಗಡ್ಡೆಗಳಿಗಾಗಿ ತಳದವರೆಗೆ ಬೆರಳಾಡಿಸಿದಳು. ಏಳುವಾಗ ನಲ್ಲಿಕಟ್ಟೆಯ ಹಿಂದೆ ಏನೋ ಹಸಿರಾಗಿ ಕಂಡಿತು.

ಮಕ್ಕಳಾಟದ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು. ಅವುಗಳಲ್ಲಿ ಅದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬಡಿಸಲಾಗಿತ್ತು. ಒಂದು ತಟ್ಟೆಯ ಮುಂದೆ ಬಟ್ಟೆಯ ಗೊಂಬೆ ಕೂತಿತ್ತು. ಇನ್ನೊಂದು ತಟ್ಟೆಯ ಮುಂದೆ ಯಾರೂ ಇರಲಿಲ್ಲ, ಅದರ ಸೊಪ್ಪನ್ನು ಯಾರೋ ಬೆರಳಿನಿಂದ ಕಲಸಿದ್ದರು.

ಸೊಸೆಯೂ ನೋಡಿದಳು. ಚಪ್ಪಲಿ ಕೂಡ ಹಾಕಿಕೊಳ್ಳದೆ ಗೇಟು ದಾಟಿ ಶಾಲೆಯತ್ತ ಓಡಿದಳು. ನರ್ಸರಿಯಮ್ಮ ಆ ಒದ್ದೆ ನೆಲದ ಮೇಲೆ ಮಂಡಿಯೂರಿ, ಚೂರುಗಳನ್ನು ತಟ್ಟೆಯಿಂದ ಒಂದೊಂದಾಗಿ ಹೆಕ್ಕತೊಡಗಿದಳು.